ನೂರು ಹಾಡುಗಳ ಎಲ್ಲೆ: ರಾಕರ್ ದೂರವಾಣಿಯನ್ನು ಕುರಿತು ಒಂದು ವಿಚಾರ

ಯಂತ್ರಗಳ ಚರಿತ್ರೆಯಲ್ಲಿ ಸೋತ ಯಂತ್ರಗಳಿಗೆ ದೊರೆಯುವ ಸ್ಥಾನ ಅತ್ಯಲ್ಪ. ಆ ಕಾಲದ ತಂತ್ರವಿದ್ಯೆ ಇನ್ನೂ ಪಕ್ವವಾಗಿರಲಿಲ್ಲವೆಂದು ಹೇಳಿ ಚರಿತ್ರಕಾರರು ಮುಂದೆ ಸಾಗುವುದು ವಾಡಿಕೆ. ಮೊಟೊರೋಲಾ ಸಂಸ್ಥೆಯವರು 2005ರಲ್ಲಿ ಹೊರತಂದ ರಾಕರ್ ಇ1 ಎಂಬ ಮೊಬೈಲ್ ದೂರವಾಣಿಯ ವಿಷಯದಲ್ಲಿ ಈ ವಿವರಣೆ ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಹಾಡು ನುಡಿಸಬಲ್ಲ ದೂರವಾಣಿಯು ಆ ವೇಳೆಗೆ ಹೊಸದಾಗಿರಲಿಲ್ಲ. ಜರ್ಮನಿಯ ಸೀಮೆನ್ಸ್ ಸಂಸ್ಥೆಯ ಎಸ್‌ಎಲ್45, ಕೊರಿಯಾದ ಸ್ಯಾಮ್‌ಸಂಗ್‌ನವರ ಅಪ್‌ರೋರ್, ಇವೆರಡೂ 2000ದಷ್ಟು ಹಿಂದೆಯೇ ಎಂಪಿ3 ಹಾಡುಗಳನ್ನು ನುಡಿಸುವಂತೆ ರಚಿತವಾಗಿದ್ದವು. ರಾಕರ್‌ನ ದೇಹವಾದರೂ ಮೊಟೊರೋಲಾದ ಹಿಂದಿನ ಇ398 ಮಾದರಿಯದೇ. ಹೊಸತೆಂದರೆ, ಆ್ಯಪಲ್ ಸಂಸ್ಥೆಯ ಐಟ್ಯೂನ್ಸ್ ತಂತ್ರಾಂಶವು ಮೊತ್ತಮೊದಲಿಗೆ ಒಂದು ದೂರವಾಣಿಯನ್ನು ಪ್ರವೇಶಿಸಿತು. 2005ರ ಸೆಪ್ಟೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಟೀವ್ ಜಾಬ್ಸ್ ಇದನ್ನು ಸಭೆಗೆ ತೋರಿಸಿದರು. ನಡುವೆ ಬಂದ ಕರೆ ಮುಗಿದ ಮೇಲೆ ಹಾಡು ಮತ್ತೆ ಮೊದಲಾಗಲಿಲ್ಲ. ತಾವು ತಪ್ಪು ಗುಂಡಿಯನ್ನು ಒತ್ತಿದುದಾಗಿ ಅವರು ಹೇಳಿಕೊಂಡರು. ಸ್ವಾರಸ್ಯವಾದ ಪ್ರಸಂಗವೇ ಸರಿ. ಆದರೆ ಪ್ರಕೃತ ವಿಚಾರಕ್ಕೆ ಅದರಿಂದ ಪ್ರಯೋಜನವಿಲ್ಲ.

ವಿಚಾರಾರ್ಹವಾದುದು ಈ ದೂರವಾಣಿಗೆ ವಿಧಿಸಿದ್ದ ನೂರು ಹಾಡುಗಳ ಎಲ್ಲೆ. ಐಟ್ಯೂನ್ಸ್ ಅಂಗಡಿಯಲ್ಲಿ ಆಗ ಮಾರುತ್ತಿದ್ದ ಹಾಡಿನ ಗುಣಮಟ್ಟ ಸೆಕೆಂಡಿಗೆ 128 ಕಿಲೋಬಿಟ್. ಈ ಲೆಕ್ಕದಂತೆ ನಾಲ್ಕು ನಿಮಿಷದ ಹಾಡಿಗೆ 4 ಮೆಗಾಬೈಟಿಗಿಂತ ತುಸು ಕಡಮೆ ಜಾಗ ಬೇಕು. ನೂರಕ್ಕೆ 400ರೊಳಗೇ ಸಾಕು. ದೂರವಾಣಿಯೊಡನೆ ಕೊಡುತ್ತಿದ್ದ ಕಾರ್ಡಾದರೋ 512 ಮೆಗಾಬೈಟಿನದು. ಅದನ್ನು ತೆಗೆದು ಇನ್ನೂ ದೊಡ್ಡ ಕಾರ್ಡನ್ನು ಹಾಕಿದರೂ ನೂರೊಂದನೆಯ ಹಾಡಿಗೆ ಪ್ರವೇಶವಿರಲಿಲ್ಲ. ಎಂದಮೇಲೆ ಈ ಎಲ್ಲೆ ಯಂತ್ರದ ಅಶಕ್ತಿಯಿಂದ ಹುಟ್ಟಿದುದಲ್ಲ, ಬರೆದಿರಿಸಿದ ಒಂದು ಕಟ್ಟಳೆ.

ಕಟ್ಟಳೆ ಯಾರಿಗೆ ಹಿತವಾಗಿತ್ತು? ಅದೇ ದಿನ, ಅದೇ ವೇದಿಕೆಯ ಮೇಲೆ ಐಪಾಡ್ ನ್ಯಾನೋ ಕೂಡ ಬಿಡುಗಡೆಯಾಯಿತು. 249 ಡಾಲರಿನ ನ್ಯಾನೋ ಸಾವಿರ ಹಾಡುಗಳನ್ನು ಹಿಡಿಯುತ್ತಿತ್ತು. ಸಿಂಗ್ಯುಲರ್ ಸಂಸ್ಥೆಯೊಡನೆ ಎರಡು ವರ್ಷಗಳ ಕರಾರು ಮಾಡಿಕೊಂಡವರಿಗೂ ರಾಕರ್‌ನ ಬೆಲೆ 249 ಡಾಲರ್ 99 ಸೆಂಟು! ಆ್ಯಪಲ್ ತನ್ನ ಐಪಾಡಿಗೆ ಪ್ರತಿಸ್ಪರ್ಧಿಯೊಂದು ಬೆಳೆಯದಂತೆ ಈ ಬೇಲಿಯನ್ನು ಹಾಕಿತೆಂದು ಊಹಿಸಲು ಇಷ್ಟು ಸಾಕೆಂದು ನಮಗೆ ತೋರುತ್ತದೆ. ಹಾಡನ್ನು ನೇರವಾಗಿ ದೂರವಾಣಿಯಲ್ಲಿ ಕೊಳ್ಳುವ ಅವಕಾಶವೂ ಇರಲಿಲ್ಲ; ಗಣಕದಿಂದ ತಂತಿಯ ಮೂಲಕ, ಅದೂ ನಿಧಾನವಾಗಿ, ತುಂಬಿಕೊಳ್ಳಬೇಕಾಗಿತ್ತು.

ಅದೇ ವರ್ಷ ಸೋನಿ ಎರಿಕ್ಸನ್ ಸಂಸ್ಥೆಯವರು ಡಬ್ಲ್ಯು800 ದೂರವಾಣಿಗೆ 1979ರಷ್ಟು ಹಳೆಯದಾದ ವಾಕ್‌ಮನ್ ಎಂಬ ಹೆಸರನ್ನಿಟ್ಟು ಮಾರಿದರು. ಅದರ ಕಾರ್ಡೂ 512 ಮೆಗಾಬೈಟಿನದೇ; ಅಲ್ಲಿ ಇಂತಹ ಎಣಿಕೆಯ ಎಲ್ಲೆಯಿರಲಿಲ್ಲ. 2007ರ ಜನವರಿ 9ರಂದು ಜಾಬ್ಸ್ ಅದೇ ನಗರದಲ್ಲಿ ಆ್ಯಪಲ್‌ನ ಸ್ವಂತ ದೂರವಾಣಿಯಾದ ಐಫೋನನ್ನು ಪ್ರಕಟಿಸಿದಾಗ, ಅದರಲ್ಲಿಯೂ ಇರಲಿಲ್ಲ.