ಟೆಲಿಮೆಡಿಸಿನ್ ಸೇವೆ ಪಡೆಯುವ ರೋಗಿಗಳ ಜೀವನ ಗುಣಮಟ್ಟದ ಮಾಪನ

ಆಸ್ಪತ್ರೆಯ ಪ್ರಯಾಣ ತಪ್ಪಿದ ಅಥವಾ ರಕ್ತದೊತ್ತಡ ಹತೋಟಿಗೆ ಬಂದ ಮಾತ್ರಕ್ಕೆ ರೋಗಿಯ ಬದುಕು ಸುಧಾರಿಸಿದೆ ಎನ್ನಲಾಗದು. ಆದುದರಿಂದ ರೋಗಿಯ ಸ್ವಂತ ಅನುಭವವನ್ನು ಪ್ರಶ್ನಾವಳಿಯ ಮೂಲಕ ಅಳೆಯಲಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಂಕ್ಷಿಪ್ತ ಪ್ರಶ್ನಾವಳಿಯಲ್ಲಿ 26 ಪ್ರಶ್ನೆಗಳಿವೆ. ಇವುಗಳಲ್ಲಿ 2 ಸಾಮಾನ್ಯ ಸ್ವರೂಪದವು. ಉಳಿದ 24 ಪ್ರಶ್ನೆಗಳು ದೈಹಿಕ ಆರೋಗ್ಯ, ಮಾನಸಿಕ ಸ್ಥಿತಿ, ಸಾಮಾಜಿಕ ಸಂಬಂಧ ಹಾಗೂ ಪರಿಸರ ಎಂಬ 4 ವಿಭಾಗಗಳಿಗೆ ಸೇರಿವೆ. ವೈದ್ಯಕೀಯ ಸೇವೆಯ ಲಭ್ಯತೆ, ಸಾರಿಗೆ ಮತ್ತು ಹಣಕಾಸು ಪರಿಸರ ವಿಭಾಗದಲ್ಲಿ ಬರುತ್ತವೆ. ಕಳೆದ 2 ವಾರಗಳ ಅನುಭವವನ್ನು ಆಧರಿಸಿ ಉತ್ತರಿಸತಕ್ಕದ್ದು.

ಸೇವೆಯ ಆರಂಭದಲ್ಲಿ ಹಾಗೂ ಕೆಲವು ತಿಂಗಳ ತರುವಾಯ ದೊರೆತ ಅಂಕಗಳನ್ನು ಹೋಲಿಸಿದಾಗ ಬದಲಾವಣೆ ತಿಳಿಯುತ್ತದೆ. ವೈದ್ಯರ ಮೇಲಿನ ಸಂಕೋಚದಿಂದ ನೋವು, ನಿದ್ರಾಹೀನತೆಗಳನ್ನು ಮರೆಮಾಚಬಾರದು. ಓದಲು ಬಾರದವರಿಗೆ ಪ್ರಶ್ನೆಗಳನ್ನು ಬೇರೊಬ್ಬರು ಓದಿ ಹೇಳಬಹುದು. ಉತ್ತರ ಮಾತ್ರ ರೋಗಿಯದೇ ಆಗಿರತಕ್ಕದ್ದು.