ಸದ್ದಡಗಿದ ಕೋವಿ ಮತ್ತು ನಾನೂರಕ್ಕೆ ನಾನೂರು

ಷರ್ಲಾಕ್ ಹೋಮ್ಸ್ ಕತೆಗಳನ್ನು ಓದಿದವರಿಗೆ ಕರ್ನಲ್ ಮೊರಾನ್ ನೆನಪಿರಬಹುದು. 1903ರಲ್ಲಿ ಪ್ರಕಟವಾದ 'ದಿ ಎಂಪ್ಟಿ ಹೌಸ್' ಕತೆಯ ಖಳನಾಯಕ. ಹೋಮ್ಸ್ ತನ್ನ ಕಡತದಿಂದ ಆತನ ಜಾತಕ ಓದಿಸುವಾಗ ಒಂದು ಸಣ್ಣ ವಿವರ ಬರುತ್ತದೆ, ಈತ ಮೊದಲು ಬೆಂಗಳೂರು ಪಯೊನಿಯರ್ಸ್ ಪಲ್ಟನ್ನಿನಲ್ಲಿ ಇದ್ದವನಂತೆ! ಲಂಡನ್ನಿನ ಕತೆಯೊಳಗೆ ಬೆಂಗಳೂರು ಕಂಡು ಖುಷಿಯಾಗುತ್ತದೆ, ಆದರೆ ಬಂದದ್ದು ಮಾತ್ರ ಕೊಲೆಗಾರನ ಜತೆಗೆ. ಇರಲಿ. ಈ ಮೊರಾನನ ಕೈಯಲ್ಲಿದ್ದದ್ದು ಒಂದು ಏರ್ ಗನ್. ಕುರುಡ ಜರ್ಮನ್ ಮೆಕ್ಯಾನಿಕ್ ಒಬ್ಬ ಮಾಡಿಕೊಟ್ಟದ್ದು. ಸದ್ದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಶಕ್ತಿ ಮಾತ್ರ ಭಯಂಕರ.

ಇದು ಕತೆಯಲ್ಲಿ ಸರಿ. ನಿಜದಲ್ಲಿ ಇವೆರಡನ್ನು ಒಟ್ಟಿಗೆ ತರುವುದು ಬಲು ಕಷ್ಟ. ಗುಂಡು ಸೆಕೆಂಡಿಗೆ ಸುಮಾರು 340 ಮೀಟರ್ ದಾಟಿತೆಂದರೆ ಶಬ್ದದ ವೇಗವನ್ನೇ ಮೀರಿ ಗಾಳಿಯಲ್ಲಿ ಚಾಟಿ ಬೀಸಿದ ಹಾಗೆ ಸಿಡಿಯುತ್ತದೆ. ಅದಕ್ಕಿಂತ ಕೆಳಗಿದ್ದರೂ ಹಿಂದಿನಿಂದ ನುಗ್ಗಿ ಬರುವ ಗಾಳಿ ಜಾಸ್ತಿಯಾದಷ್ಟೂ ಸದ್ದು ಜಾಸ್ತಿ. ಗಾಳಿ ಕೋವಿಯ ಕಳೆದ ಇನ್ನೂರು ಚಿಲ್ಲರೆ ವರ್ಷಗಳ ಚರಿತ್ರೆಯನ್ನು ನಾನು ಓದಿಕೊಂಡ ಮಟ್ಟಿಗೆ ಹೇಳುವುದಾದರೆ, ಅದು ಶಕ್ತಿಯನ್ನು ಬಿಟ್ಟುಕೊಡುತ್ತಾ ಗುರಿಯನ್ನು ಕೊಂಡುಕೊಂಡ ಚರಿತ್ರೆ. ಅದರ ಒಂದು ಒಳ್ಳೆಯ ಅಧ್ಯಾಯ ನಮ್ಮ ಮುಂಬಯಿಯ ವರ್ಲಿಯಲ್ಲಿ ನಡೆದಿದೆ. ಅದರಲ್ಲಿ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳೂ ಇದ್ದಾರೆ. ನಮ್ಮವರಲ್ಲಿ ಬಹಳ ಮಂದಿಗೆ ಇದು ಗೊತ್ತಿಲ್ಲ ಎನ್ನುವುದೇ ಈ ಬರಹಕ್ಕೆ ಕಾರಣ.

ಮೊದಲು ಶಕ್ತಿಯ ಕಾಲ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯಕ್ಕೆ ಜಿರಾಂಡೋನಿ ಎಂಬವನು ಒಂದು ಗಾಳಿ ಕೋವಿ ಮಾಡಿಕೊಟ್ಟ. ಹಿಡಿಯ ಭಾಗವೇ ಗಾಳಿ ತುಂಬುವ ಕಬ್ಬಿಣದ ಬುಡ್ಡಿ. ಹೊಗೆ ಇಲ್ಲ, ಮದ್ದಿನ ವಾಸನೆ ಇಲ್ಲ, ಸುಮಾರು 20 ಗುಂಡುಗಳನ್ನು ಒಂದರ ಹಿಂದೆ ಒಂದು ಹೊಡೆಯಬಹುದು. ಉಳಿದವರು ಒಂದು ಈಡಿಗೆ ಮದ್ದು ತುಂಬಿಸುತ್ತಾ ಕೂರುತ್ತಿದ್ದ ಕಾಲದಲ್ಲಿ! ಆದರೆ ಬುಡ್ಡಿ ತುಂಬಿಸಲು ಸುಮಾರು 1500 ಸಲ ಪಂಪು ಒತ್ತಬೇಕಿತ್ತು. ಚರ್ಮದ ವಾಷರ್ ಒಣಗಿದರೆ ಗಾಳಿ ಸೋರುತ್ತಿತ್ತು. ಹೀಗೆ ಅದು 1815ರ ಹೊತ್ತಿಗೆ ಮೂಲೆ ಸೇರಿತು. ಅಮೆರಿಕದ ಪಶ್ಚಿಮವನ್ನು ಹುಡುಕಿಕೊಂಡು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಕೂಡ ಒಂದು ಗಾಳಿ ಕೋವಿ ಒಯ್ದಿದ್ದರು. ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳಿಗೆ ತೋರಿಸಿ ಬೆರಗುಗೊಳಿಸುವುದಕ್ಕೇ ಅದು ಹೆಚ್ಚು ಬಳಕೆಯಾಯಿತು.

ನಾವು ನೀವು ನೋಡಿದ ಏರ್ ಗನ್ ಇದಲ್ಲ. ಚೌಪಾಟಿಯಲ್ಲೋ ಊರ ಜಾತ್ರೆಯಲ್ಲೋ ಬಲೂನಿಗೆ ಹೊಡೆಯಲು ಕೊಡುತ್ತಾರಲ್ಲ, ನಳಿಗೆ ಮುರಿದು ಚರ್ರೆ ಹಾಕುವುದು, ಅದು ಸ್ಪ್ರಿಂಗಿನ ಕೋವಿ. ಇದರ ಹೊಟ್ಟೆಯೊಳಗೆ ಇರುವುದು ಸೈಕಲ್ ಪಂಪೇ. ನಳಿಗೆ ಬಗ್ಗಿಸಿದಾಗ ದಪ್ಪ ಸ್ಪ್ರಿಂಗು ಒತ್ತಿಕೊಂಡು ಹಿಂದೆ ನಿಲ್ಲುತ್ತದೆ. ಕುದುರೆ ಎಳೆದಾಗ ಅದು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ, ಎದುರಿನ ಗಾಳಿ ಹಿಂಡಿ ಹೋಗಿ ಚರ್ರೆಯನ್ನು ಓಡಿಸುತ್ತದೆ. ಕೇಳಲು ಸುಲಭ. ತೊಂದರೆ ಎಲ್ಲಿ ಅಂದರೆ, ಚರ್ರೆ ನಳಿಗೆಯಿಂದ ಆಚೆ ಹೋಗುವ ಮೊದಲೇ ಕೋವಿ ಅಲುಗಾಡಿ ಆಗಿರುತ್ತದೆ. ಭಾರದ ಪಿಸ್ಟನ್ ಮುಂದೆ ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿ ಮುಟ್ಟಿದಾಗ ಮುಂದಕ್ಕೆ ಜಗ್ಗುತ್ತದೆ. ಇದೆಲ್ಲ ನಡೆಯುವುದು ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ. ಮದ್ದಿನ ಬಂದೂಕಿಗೆ ಇಲ್ಲದ ಈ ಎರಡು ಕಡೆಯ ಒದೆತ ಇದರ ಹುಟ್ಟುಗುಣ.

ಸದ್ದೂ ಅಲ್ಲಿಂದಲೇ. ಇದನ್ನು ನಾನು ಒತ್ತಿ ಹೇಳಬೇಕು. ಸ್ಪ್ರಿಂಗಿನ ಕೋವಿಯ ಸದ್ದು ಹೆಚ್ಚಿನಂಶ ನಳಿಗೆಯ ಬಾಯಿಯದ್ದಲ್ಲ, ಹೊಟ್ಟೆಯದ್ದು. ಸಡಿಲ ಸ್ಪ್ರಿಂಗು ತನ್ನ ಕಡ್ಡಿಯ ಮೇಲೆ ಕುಣಿದು 'ಟೊಂಯ್ಞ್' ಎನ್ನುತ್ತದೆ, ಪಿಸ್ಟನ್ ಲೋಹಕ್ಕೆ ಬಡಿದು 'ಠಕ್' ಎನ್ನುತ್ತದೆ. ಯಾವ ಕುಣಿತ ಕಿವಿಗೆ ಕೇಳುತ್ತದೋ ಅದೇ ಕುಣಿತ ಗುರಿಯನ್ನು ಕೆಡಿಸುತ್ತದೆ. ಹಾಗಾಗಿ ಬಲ್ಲವರು ಇದನ್ನು ಹದಗೊಳಿಸುವುದೆಂದರೆ ಶಕ್ತಿ ಏರಿಸುವುದಲ್ಲ. ಸ್ಪ್ರಿಂಗಿನ ತುದಿಗಳನ್ನು ಸಮತಟ್ಟಾಗಿ ಉಜ್ಜಿ ನಯ ಮಾಡುತ್ತಾರೆ, ಒಳಗಿನ ಕಡ್ಡಿಯನ್ನು ನೈಲಾನಿನಂಥ ವಸ್ತುವಿನಲ್ಲಿ ಬಿಗಿಯಾಗಿ ಮಾಡಿಸುತ್ತಾರೆ, ಮೇಣದಂಥ ದಪ್ಪ ಗ್ರೀಸನ್ನು ತೆಳ್ಳಗೆ ಸವರುತ್ತಾರೆ, ಸವೆದ ವಾಷರ್ ಬದಲಿಸುತ್ತಾರೆ, ಮರದ ಹಿಡಿಯ ಸ್ಕ್ರೂಗಳನ್ನು ಬಿಗಿ ಮಾಡುತ್ತಾರೆ. ಆಮೇಲೆ ನಾಲ್ಕಾರು ಬಗೆಯ ಚರ್ರೆ ಹೊಡೆದು ಈ ನಳಿಗೆಗೆ ಯಾವುದು ಒಗ್ಗುತ್ತದೆ ಎಂದು ನೋಡುತ್ತಾರೆ. ಕೋವಿಯನ್ನು ಹಿಡಿಯುವುದೂ ಹಾಗೆಯೇ, ಅಮುಕಿ ಹಿಡಿದಷ್ಟೂ ತಪ್ಪುತ್ತದೆ. ಅಂಗೈ ಮೇಲೆ ಸುಮ್ಮನೆ ಇಟ್ಟುಕೊಂಡು, ಪ್ರತಿ ಸಲವೂ ಅದರ ಕುಣಿತ ಒಂದೇ ರೀತಿ ಆಗಲು ಬಿಡಬೇಕು.

ನಮ್ಮ ಊರ ಕಡೆ ಮಾಡುತ್ತಿದ್ದದ್ದು ಇದರ ತದ್ವಿರುದ್ಧ! ತೋಟಕ್ಕೆ ಮಂಗ ಬಂದಾಗ ಹೆದರಿಸಲೆಂದು ಇಟ್ಟ ಕೋವಿಗೆ ಧಾರಾಳವಾಗಿ ತೆಂಗಿನೆಣ್ಣೆ ಹೊಯ್ಯುತ್ತಿದ್ದರು. ಹಿಂಡಿದ ಗಾಳಿ ಕಾದು ಆ ಎಣ್ಣೆ ಡೀಸೆಲ್ ಇಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಂಡು 'ಢಂ' ಎಂದು ಹೊಗೆ ಬಂದರೆ "ಹಾಂ, ಈಗ ಕೋವಿ ಸರಿಯಾಯ್ತು ನೋಡು" ಎನ್ನುತ್ತಿದ್ದರು. ಗುರಿ ಎತ್ತ ಹೋಯಿತೆಂದು ಮಂಗಕ್ಕೇ ಗೊತ್ತು. ಅಂದ ಹಾಗೆ ಕೋವಿ ಎಂದರೆ ಬ್ಯಾಂಕಿನವನಾದ ನನಗೆ ದಿನಾ ಕಾಣುತ್ತಿದ್ದದ್ದು ನಮ್ಮ ಕಾವಲುಗಾರನ ಹೆಗಲ ಮೇಲಿನ ಡಬಲ್ ಬ್ಯಾರಲ್. ಅದರಷ್ಟು ನಿಶ್ಶಬ್ದವಾದ ಕೋವಿಯನ್ನು ನಾನು ಬೇರೆಲ್ಲೂ ಕಂಡಿಲ್ಲ, ನನ್ನ ಸರ್ವೀಸಿನಲ್ಲಿ ಒಮ್ಮೆಯೂ ಸದ್ದು ಮಾಡಲಿಲ್ಲ.

ಮುಂಬಯಿಗೂ ಏರ್ ರೈಫಲ್ ತಯಾರಿಕೆಗೂ ಹಳೆಯ ನಂಟಿದೆ. ವಾಲಚಂದ್ ಹೀರಾಚಂದ್ ಹೆಸರು ಕೇಳಿರುತ್ತೀರಿ. 1940ರಲ್ಲಿ ಮೈಸೂರು ಸರಕಾರದ ಜತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ, ಅಂದರೆ ಮುಂದಿನ ಎಚ್.ಎ.ಎಲ್., ಶುರು ಮಾಡಿದವರು. ಅವರ ಬಳಗದ ಇಂಡಿಯನ್ ಹ್ಯೂಮ್ ಪೈಪ್ ಕಂಪನಿ 1926ರದ್ದು. ಕೆಲಸ ನೀರಿನ ಸಿಮೆಂಟು ಕೊಳವೆ ಮಾಡುವುದು. ಆದರೆ ಇದೇ ಕಂಪನಿ ಏರ್ ರೈಫಲ್ಲನ್ನೂ ಮಾಡಿತು! ಐ.ಎಚ್.ಪಿ. ಎಂಬ ಮೂರಕ್ಷರವನ್ನು ಹಳೆಯ ಹವ್ಯಾಸಿಗಳು ಈಗಲೂ ಪ್ರೀತಿಯಿಂದ ನೆನೆಯುತ್ತಾರೆ. ಈಚಿನ ವರ್ಷಗಳಲ್ಲಿ ನಳಿಗೆ ಕೊರೆಯುವ ಯಂತ್ರಗಳನ್ನು ಮಾಡುತ್ತಿದ್ದ ಪ್ರೆಸಿಹೋಲ್ ಬಳಗದವರೂ ಈ ಕೆಲಸಕ್ಕೆ ಇಳಿದರು.

ಆದರೆ ಸ್ಪ್ರಿಂಗಿನ ಕುಣಿತವನ್ನು ಎಷ್ಟು ಹದಗೊಳಿಸಿದರೂ ಒಂದು ಹಂತಕ್ಕೆ ನಿಲ್ಲಲೇಬೇಕು. ಮುಂದಿನ ದಾರಿ ತೋರಿಸಿದವರು ಜರ್ಮನರು. ಡಯಾನಾ ಕಂಪನಿ 1960ರ ದಶಕದಲ್ಲಿ ಕುರ್ಟ್ ಗೀಸ್ ಎಂಬವರ ಯುಕ್ತಿಯಂತೆ ಎರಡು ಪಿಸ್ಟನ್ ಇಟ್ಟು, ಒಂದು ಮುಂದೆ ಹೋದರೆ ಇನ್ನೊಂದು ಹಿಂದೆ ಹೋಗುವಂತೆ ಮಾಡಿತು. ಜಮಾ ಖರ್ಚು ಸರಿಸಮ, ಬಾಕಿ ಸೊನ್ನೆ. ಮೌಸರ್ ಕಾರ್ಖಾನೆಯ ಹಳೆಯ ಇಬ್ಬರು ಇಂಜಿನಿಯರುಗಳು ಓಬರ್ನ್‌ಡಾರ್ಫ್ ಊರಿನಲ್ಲಿ ಕಟ್ಟಿದ ಫೈನ್‌ವರ್ಕ್‌ಬೌ ಕಂಪನಿ, ಇಡೀ ಯಂತ್ರವೇ ಹಿಡಿಯ ಮೇಲೆ ಹಳಿಯಲ್ಲಿ ಜಾರುವಂತೆ ಮಾಡಿ ಒದೆತ ಹೆಗಲಿಗೆ ತಲುಪದ ಹಾಗೆ ನೋಡಿಕೊಂಡಿತು. ಆಮೇಲೆ ಸ್ಪ್ರಿಂಗೇ ಬೇಡ ಎಂದಾಯಿತು. ಕೈಯಿಂದ ಒಂದು ಸಲ ಒತ್ತಿ ಗಾಳಿ ತುಂಬುವುದು ಬಂತು, ಕಾರ್ಬನ್ ಡೈ ಆಕ್ಸೈಡ್ ಬಂತು, 1990ರ ದಶಕದ ಕೊನೆಗೆ 200 ಬಾರ್ ಒತ್ತಡದ ಗಾಳಿಯ ಸಿಲಿಂಡರ್ ಬಂತು. ಈಗಿನ ಸ್ಪರ್ಧೆಯ ರೈಫಲ್ಲಿನಲ್ಲಿ ಚರ್ರೆಯ ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು, ಶಬ್ದದ ವೇಗದ ಅರ್ಧ. ಶಕ್ತಿ ಏಳೆಂಟು ಜೂಲ್ ಅಷ್ಟೆ. ಮೊರಾನ್ ನೋಡಿದ್ದರೆ ನಗುತ್ತಿದ್ದ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಸೇರಿತು. ಗುರಿಹಲಗೆಯಲ್ಲಿ '10' ಎಂದರೆ ಬರೀ ಅರ್ಧ ಮಿಲಿಮೀಟರ್ ಅಗಲದ ಚುಕ್ಕಿ. 4.5 ಮಿ.ಮೀ. ಚರ್ರೆಯ ಅಂಚಾದರೂ ಅದನ್ನು ಮುಟ್ಟಬೇಕು. ಲೆಕ್ಕ ಹಾಕಿ ನೋಡಿದೆ (ಬಿ.ಕಾಂ. ಬುದ್ಧಿ!). ಚರ್ರೆಯ ನಡು ಚುಕ್ಕಿಯ ನಡುವಿನಿಂದ 2.5 ಮಿ.ಮೀ. ಒಳಗೆ ಬೀಳಬೇಕು. ರೈಫಲ್ಲಿನ ಹಿಂದಿನ ಕಿಂಡಿಗೂ ಮುಂದಿನ ಉಂಗುರಕ್ಕೂ ನಡುವೆ 75 ಸೆಂ.ಮೀ. ಎಂದಿಟ್ಟುಕೊಂಡರೆ, ಅಲ್ಲಿ ತುದಿ 0.2 ಮಿ.ಮೀ. ಕದಲಿದರೂ ಹತ್ತು ಹೋಗಿ ಒಂಬತ್ತಾಗುತ್ತದೆ. ಎರಡು ಮೂರು ಕೂದಲೆಳೆಯ ದಪ್ಪ. ನಿಂತುಕೊಂಡು, ಐದು ಕಿಲೋ ಭಾರ ಹೊತ್ತು, ಹೆಂಗಸರು ಆಗ 75 ನಿಮಿಷದಲ್ಲಿ 40 ಸಲ ಹೀಗೆ ಹೊಡೆಯಬೇಕಿತ್ತು.

ಇನ್ನು ವರ್ಲಿಗೆ ಬರೋಣ. ಅಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜು. ಹೊರಗೆ ಮುಂಬಯಿಯ ಹಾರ್ನು, ಒಳಗೆ 'ಟಪ್' 'ಟಪ್' ಅಷ್ಟೆ. ಪೊಲೀಸ್ ಅಧಿಕಾರಿಯಾಗಿದ್ದು ಮುಂದೆ ಕ್ರೀಡಾ ಮನಶ್ಶಾಸ್ತ್ರದಲ್ಲಿ ಹೆಸರಾದ ಭೀಷ್ಮರಾಜ್ ಬಾಮ್, ನೌಕಾದಳದಿಂದ ಬಂದ ಸಂಜಯ್ ಚಕ್ರವರ್ತಿ, ಇವರಿಬ್ಬರ ಕೈಯಲ್ಲಿ ಎನ್.ಸಿ.ಸಿ. ಹುಡುಗಿಯರು ತಯಾರಾದರು. ಕೀರ್ತಿ ಕಾಲೇಜಿನ ಅಂಜಲಿ ವೇದಪಾಠಕ್, ಅಂದರೆ ನಮಗೆಲ್ಲ ಗೊತ್ತಿರುವ ಅಂಜಲಿ ಭಾಗವತ್, 2000ದ ಸಿಡ್ನಿಯಲ್ಲಿ ಫೈನಲ್ ತಲುಪಿದರು. ಒಲಿಂಪಿಕ್ಸ್ ಶೂಟಿಂಗ್ ಫೈನಲಿಗೆ ಹೋದ ಭಾರತದ ಮೊದಲ ಮಹಿಳೆ. 2002ರ ಬುಸಾನ್ ಏಷ್ಯಾಡ್‌ನಲ್ಲಿ ಅಂಜಲಿ, ದೀಪಾಲಿ ದೇಶಪಾಂಡೆ, ಸುಮಾ ಶಿರೂರ್ ತಂಡಕ್ಕೆ ಬೆಳ್ಳಿ ಬಂತು.

ಈ ಸುಮಾ ಅವರೇ ಚಿಕ್ಕಬಳ್ಳಾಪುರದಲ್ಲಿ 1974ರಲ್ಲಿ ಹುಟ್ಟಿದವರು. 2004ರ ಫೆಬ್ರವರಿ, ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್. ಅರ್ಹತಾ ಸುತ್ತಿನಲ್ಲಿ ನಲವತ್ತು ಈಡು, ನಲವತ್ತೂ ಹತ್ತು. 400ಕ್ಕೆ 400. ಜಗತ್ತಿನಲ್ಲಿ ಮೊದಲು ಇದನ್ನು ಮಾಡಿದವರು ಕೊರಿಯಾದ ಸಿಯೊ ಸುನ್-ಹ್ವಾ, 2002ರಲ್ಲಿ. ಅಲ್ಲಿಂದ ಎರಡೇ ವರ್ಷದೊಳಗೆ ವಿಶ್ವದಾಖಲೆಯ ಸಾಲಿನಲ್ಲಿ ಸುಮಾ ನಿಂತರು. ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲಿದ್ದವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಒಂದು ರೂಪಾಯಿ ತಾಳೆಯಾಗದಿದ್ದರೆ ಇಡೀ ಬ್ರಾಂಚು ಕೊನೆಯ ಲೋಕಲ್ ತನಕ ಲೆಡ್ಜರ್ ಹಿಡಿದು ಕೂತಿರುತ್ತಿತ್ತು. 399 ಎಂದರೆ ತಾಳೆಯಾಗದ ಪುಸ್ತಕ. ಅದೇ ವರ್ಷದ ಅಥೆನ್ಸ್ ಒಲಿಂಪಿಕ್ಸ್‌ನಲ್ಲೂ ಫೈನಲ್ ತಲುಪಿದ ಸುಮಾ ಎಂಟನೆಯವರಾದರು.

ಆ ಹೊತ್ತಿಗೆ ರೈಫಲ್ಲಿನ ಕುಣಿತ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು. ಉಳಿದಿದ್ದ ಗದ್ದಲ ಮನುಷ್ಯನದ್ದೇ. ಎದೆಬಡಿತ ಕೂಡ ನಳಿಗೆಯ ತುದಿಯಲ್ಲಿ ಕಾಣುತ್ತದೆ, ಅದಕ್ಕೇ ದಪ್ಪ ಕ್ಯಾನ್ವಾಸ್ ಮತ್ತು ಚರ್ಮದ ಜಾಕೆಟ್ಟು. ಚಿಕ್ಕ ವಿಷಯವೂ ಸಾಕು ಕೆಡಿಸಲು. ಅಥೆನ್ಸ್‌ನಲ್ಲಿ ಅಭಿನವ್ ಬಿಂದ್ರಾ ನಿಂತಿದ್ದ ಜಾಗದ ನೆಲದ ಹಾಸೇ ಸಡಿಲವಾಗಿತ್ತು ಎಂದು ಆಮೇಲೆ ತಿಳಿಯಿತು. 2008ರ ಬೀಜಿಂಗ್‌ನಲ್ಲಿ ಫೈನಲಿಗೆ ಮುಂಚಿನ ಪರೀಕ್ಷೆಯ ಈಡು ಹೊಡೆದರೆ ಬಿದ್ದದ್ದು 4ಕ್ಕೆ! ಯಾವುದೋ ಕಾರಣಕ್ಕೆ ಸೈಟ್ ಕದಲಿತ್ತು. ಅದನ್ನು ಆ ಕೆಲವೇ ನಿಮಿಷಗಳಲ್ಲಿ ಸರಿ ಮಾಡಿಕೊಂಡು, ಕೊನೆಯ ಈಡಿನಲ್ಲಿ 10.8 ಹೊಡೆದು ಚಿನ್ನ ತಂದರು.

ಆದರೆ ಎಲ್ಲರೂ ನಾನೂರರ ಹತ್ತಿರ ಬರತೊಡಗಿದರೆ ಯಾರು ಮೇಲು ಎಂದು ಅಳೆಯುವುದು ಹೇಗೆ? ಎಲೆಕ್ಟ್ರಾನಿಕ್ ಗುರಿಹಲಗೆಗಳು ಬಂದಿದ್ದವು. ಒಂದು ಬಗೆಯಂತೂ ಚರ್ರೆ ಬಡಿದ ಸದ್ದನ್ನು ಮೈಕ್ರೊಫೋನುಗಳಿಂದ ಕೇಳಿಸಿಕೊಂಡೇ ಅದು ಬಿದ್ದ ಜಾಗ ಗುರುತಿಸುತ್ತದೆ. ಕೋವಿ ಮೌನವಾಯಿತು, ಹಲಗೆ ಕಿವಿಗೊಟ್ಟಿತು! 2013ರಿಂದ ಅರ್ಹತಾ ಸುತ್ತಿಗೂ ದಶಾಂಶದ ಲೆಕ್ಕ ಬಂತು, ಒಂದು ಹತ್ತನ್ನೇ 10.0ದಿಂದ 10.9ರವರೆಗೆ ಸೀಳಿದರು. 2018ರಿಂದ ಹೆಂಗಸರಿಗೂ ಗಂಡಸರಂತೆ 60 ಈಡು. ಹಳೆಯ ದಾಖಲೆಗಳ ಖಾತೆ ಮುಚ್ಚಿತು, ಹೊಸದು ತೆರೆಯಿತು. ಹೀಗಾಗಿ ಸುಮಾ ಅವರ 400 ಈಗ ಯಾರೂ ಮುರಿಯಲಾರದ ದಾಖಲೆ, ಆದರೆ ಚಾಲ್ತಿಯ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ನಿಯಮ ಬದಲಾಯಿಸಿದ್ದು ಸರಿಯೇ ಎಂದು ನನ್ನ ಅಭಿಪ್ರಾಯ. ಆದರೂ ಕ್ರಿಕೆಟ್ಟಿನ ಪ್ರತಿ ಅಂಕಿಯನ್ನೂ ಬಾಯಿಪಾಠ ಹೇಳುವ ನಾವು ಈ ಒಂದು ಅಂಕಿಯನ್ನು ಮರೆತದ್ದು ನನಗೆ ಸರಿ ಕಾಣುವುದಿಲ್ಲ. ಮುಂಬಯಿಯಲ್ಲಿ ಕನ್ನಡಿಗರ ಸಾಧನೆ ಎಂದು ಸಭೆ ಸನ್ಮಾನಗಳಿಗೇನೂ ಬರವಿಲ್ಲವಲ್ಲ?

ಸುಮಾ 2006ರಲ್ಲಿ ಪನ್ವೇಲ್‌ನ ಕರ್ನಾಳಾ ಸ್ಪೋರ್ಟ್ಸ್ ಅಕಾಡೆಮಿಯಲ್ಲಿ 'ಲಕ್ಷ್ಯ' ಎಂಬ ಶೂಟಿಂಗ್ ಕ್ಲಬ್ ತೆರೆದರು. ಅವರ ಗುರು ಸಂಜಯ್ ಚಕ್ರವರ್ತಿ 2021ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್ 30ರಂದು ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ, ಬಿಂದ್ರಾ ಅವರ ಆತ್ಮಕಥೆ ಓದಿ ರೈಫಲ್ ಹಿಡಿದ ಜೈಪುರದ ಅವನಿ ಲೇಖರಾ ಗಾಲಿಕುರ್ಚಿಯಲ್ಲಿ ಕುಳಿತು ಚಿನ್ನ ಗೆದ್ದರು. ಆಕೆಯ ಕೋಚ್ ಸುಮಾ ಶಿರೂರ್. 24 ಈಡಿಗೆ 249.6, ಅಂದರೆ ಪ್ರತಿ ಈಡಿಗೂ ಸರಾಸರಿ 10.4. 2024ರ ಪ್ಯಾರಿಸ್‌ನಲ್ಲಿ ಅವನಿ ಮತ್ತೆ ಚಿನ್ನ ಗೆದ್ದಾಗ ಅಂಕ 249.7.