ಜವೆಗೋಧಿಯ ದೂರಪ್ರಯಾಣ

ನಮ್ಮ ವನದುರ್ಗದ ಕೋಟೆಯ ಕುರಿತು, ಸುರಪುರದ ನಾಯಕರ ಕುರಿತು ಬರೆದವರಿದ್ದಾರೆ. ಧಾನ್ಯಗಳಿಗೂ ಒಂದು ಚರಿತ್ರೆಯುಂಟು. ಅದನ್ನು ಬರೆಯುವವರು ವಿರಳ.

ಉತ್ತರ ಕರ್ನಾಟಕದ ಹಿರಿಯರಿಗೆ ಜವೆಗೋಧಿಯನ್ನು ಪರಿಚಯಿಸಬೇಕಾಗಿಲ್ಲ. ಸದಕವೆಂದೂ, ಮರಾಠಿಯಲ್ಲಿ ಖಪಲಿಯೆಂದೂ ಇದರ ಹೆಸರು. ಒಕ್ಕಿದರೂ ಕಾಳು ಹೊಟ್ಟನ್ನು ಬಿಡದು, ಒರಳಿನಲ್ಲಿ ಕುಟ್ಟಲೇಬೇಕು. ಹುಗ್ಗಿಗೂ ಮಾದಲಿಗೂ ಇದನ್ನು ಮೀರಿದ ಗೋಧಿಯಿಲ್ಲವೆಂಬುದು ನನ್ನ ಅಭಿಪ್ರಾಯ. ಒಪ್ಪದವರು ಒಮ್ಮೆ ಉಂಡು ನೋಡಲಿ!

ಇದರ ಕಾಡುಮೂಲ ಪಶ್ಚಿಮ ಏಷ್ಯಾದ್ದು. 1906ರಲ್ಲಿ ಆರನ್ ಆರನ್‌ಸನ್ ಎಂಬ ಸಸ್ಯಶಾಸ್ತ್ರಜ್ಞ ಪ್ಯಾಲೆಸ್ತೀನಿನ ರೋಶ್ ಪಿನಾದ ಬಳಿ ಅದು ತಾನಾಗಿ ಬೆಳೆದಿರುವುದನ್ನು ಕಂಡ. ಆ ಹುಲ್ಲನ್ನು ಮನುಷ್ಯ ಪಳಗಿಸಿದ್ದರಿಂದ ಬಂದದ್ದೇ ಜವೆಯ ಕುಲ. ಮುಂದೆ ಈ ಕುಲವು ಮತ್ತೊಂದು ಕಾಡುಹುಲ್ಲಿನೊಡನೆ ಬೆರೆತು ಇಂದಿನ ರೊಟ್ಟಿಗೋಧಿ ಹುಟ್ಟಿತು. ಹೀಗಾಗಿ ಜವೆಯಲ್ಲಿ 28 ವರ್ಣತಂತುಗಳು, ರೊಟ್ಟಿಗೋಧಿಯಲ್ಲಿ 42.

ಕಾಂಡದ ತುಕ್ಕುರೋಗ ಗೋಧಿಯ ಹಳೆಯ ವೈರಿ. ಅಮೆರಿಕದ ಸ್ಟ್ಯಾಕ್‌ಮನ್ ಮತ್ತು ಲೆವಿನ್ 1922ರಲ್ಲಿ ತುಕ್ಕಿನ ಪ್ರಭೇದಗಳನ್ನು ಗುರುತಿಸಲು ಹನ್ನೆರಡು ಗೋಧಿಗಳನ್ನು ಆರಿಸಿದಾಗ, ಅದರಲ್ಲೊಂದು ಭಾರತದಿಂದ ಹೋದ ಖಪಲಿ. ಬಹುತೇಕ ಪ್ರಭೇದಗಳಿಗೆ ಅದು ಮಣಿಯಲಿಲ್ಲ. ಈ ಗುಣವನ್ನು ರೊಟ್ಟಿಗೋಧಿಗೆ ತರಲು ಸಿಡ್ನಿಯ ವಾಟರ್‌ಹೌಸ್ ಪ್ರಯತ್ನಿಸಿದರು. 28ಕ್ಕೂ 42ಕ್ಕೂ ಕೂಡಿಸಿದರೆ ಹುಟ್ಟುವ ಸಸಿಯಲ್ಲಿ 35 ವರ್ಣತಂತುಗಳು. ಏಳಕ್ಕೆ ಜೋಡಿಯೇ ಇಲ್ಲ. ಆದ್ದರಿಂದ ಅಂಥ ಸಸಿ ಬಹುಮಟ್ಟಿಗೆ ಬಂಜೆ. ಕಾಳುಕಟ್ಟಿದ ಕೆಲವನ್ನಷ್ಟೇ ಹೆಕ್ಕಿ ಹೆಕ್ಕಿ ಬೆಳೆಸಿ, ಸ್ಟೈನ್‌ವೆಡೆಲ್ ಎಂಬ ಗೋಧಿಯೊಡನೆ ಮಾಡಿದ ಸಂಕರದಿಂದ ಅವರು 'ಖಪ್‌ಸ್ಟೈನ್' ತಳಿಯನ್ನು ಪಡೆದರು. ಫಲವಂತ ಸಂಕರಗಳ ವಿವರ 1933ರಲ್ಲಿ ಪ್ರಕಟವಾಯಿತು. ನಮ್ಮ ಒರಳಿನ ಕಾಳಿನ ಹೆಸರು ಅರ್ಧವಾದರೂ ಅಲ್ಲಿ ಉಳಿಯಿತು. ಬೀಜ ಕಾಪಾಡಿದ ಒಕ್ಕಲಿಗನ ಹೆಸರು ಮಾತ್ರ ಉಳಿಯಲಿಲ್ಲ. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಖಪಲಿಯಲ್ಲಿ ಗುರುತಿಸಿದ ನಿರೋಧಕ ಜೀನುಗಳಲ್ಲಿ ಎಸ್‌ಆರ್ 13 ಒಂದು. 1999ರಲ್ಲಿ ಉಗಾಂಡಾದ ಹೊಸ ತುಕ್ಕು 'ಯುಜಿ 99' ಎಂದು ಹೆಸರಾಗಿ, ಹಲವು ದೇಶಗಳ ಗೋಧಿಗೆ ಕಂಟಕವಾದಾಗ, ಅದನ್ನು ತಡೆಯಬಲ್ಲ ಜೀನುಗಳ ಪಟ್ಟಿಯಲ್ಲಿ ಇದೂ ಇತ್ತು. 2017ರಲ್ಲಿ ವಿಜ್ಞಾನಿಗಳು ಆ ಜೀನನ್ನೇ ಬೇರ್ಪಡಿಸಿ ಗುರುತಿಸಿದರು.

ಇತ್ತ ನಮ್ಮ ಕಡೆ ನಾರಾಯಣಪುರದ ಕಾಲುವೆ ಬಂದ ಮೇಲೆ ಭತ್ತ, ಹತ್ತಿಗಳು ಹೊಲ ತುಂಬಿದವು. ಜವೆ ಇಂದು ಹೆಚ್ಚಾಗಿ ಬೆಳಗಾವಿ, ಬಾಗಲಕೋಟೆಗಳ ಕಡೆಯ ಬೆಳೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ 1025, ಡಿಡಿಕೆ 1029 ಮೊದಲಾದ ಗಿಡ್ಡ ಜವೆ ತಳಿಗಳನ್ನು ಹೊರತಂದಿದ್ದಾರೆ. ಹಳೆಯ ಎತ್ತರದ ಜವೆ ತೆನೆಯ ಭಾರಕ್ಕೆ ನೆಲಕ್ಕೆ ಮಲಗುತ್ತಿತ್ತು. ಇವು ನೆಟ್ಟಗೆ ನಿಲ್ಲುತ್ತವೆ.